ಪದಚರ್ಚೆ: ‘ಸಂಜ್ಞಾನ ಸಾಮರ್ಥ್ಯ’ಕ್ಕೆ ಮನೆಮಾತಿನ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ವಯಸ್ಸಾದವರ ನೆನಪು, ಗಮನ ಹೇಗಿದೆ ಎಂದು ನೋಡುವ ಮೊಬೈಲ್ ಆಟಗಳಿಗೆ ಕನ್ನಡದಲ್ಲಿ ಸೂಚನೆ ಬರೆಯುತ್ತಿದ್ದೇನೆ. ನೆನಪು, ಗಮನ, ದಾರಿಯ ಗುರುತು ಇಂಥ ಮನಸ್ಸಿನ ಶಕ್ತಿಗಳನ್ನೆಲ್ಲ ಸೇರಿಸಿ ಪುಸ್ತಕದ ಕನ್ನಡದಲ್ಲಿ ‘ಸಂಜ್ಞಾನ ಸಾಮರ್ಥ್ಯ’ (ಇಂಗ್ಲಿಷಿನ ಕಾಗ್ನಿಟಿವ್ ಎಬಿಲಿಟಿ) ಎನ್ನುತ್ತಾರೆ. ಮೊದಲ ಪರದೆಗೆ ‘ಸಂಜ್ಞಾನ ಸಾಮರ್ಥ್ಯದ ಮೌಲ್ಯಮಾಪನ’ ಎಂದು ಹಾಕಿ, ಧಾರವಾಡದ ನಮ್ಮ ದೊಡ್ಡವ್ವನ ಕೈಗೆ ಕೊಟ್ಟೆ. ಓದಿದವಳೇ, “ಯಾರಿಗೆ ಸನ್ನಿ ಮಾಡಬೇಕೋ?” ಎಂದಳು. ಸಂಜ್ಞೆ ಅಂದರೆ ಅವಳಿಗೆ ಕಣ್ಸನ್ನೆ, ಕೈಸನ್ನೆ. ತಪ್ಪೇನಿಲ್ಲ ಅಲ್ವಾ? ‘ಬುದ್ಧಿಶಕ್ತಿ’ ಎಂದು ತಿದ್ದಿದೆ. “ನನಗೇನ್ ಬುದ್ಧಿ ಕಡಿಮಿ ಆಗೇದೇನು?” ಎಂದು ಮೊಬೈಲ್ ಕೆಳಗಿಟ್ಟಳು.

ಬಿಡಿಬಿಡಿಯಾಗಿ ಹೇಳಲು ನಮ್ಮ ಕಡೆ ಪದಗಳಿಗೆ ಬರವಿಲ್ಲ. ಒಂದು ಆಟದಲ್ಲಿ ಚೌಕಗಳು ಒಂದಾದ ಮೇಲೊಂದು ಮಿಂಚುತ್ತವೆ, ಅದೇ ಸಾಲಿನಲ್ಲಿ ಮುಟ್ಟಬೇಕು. ಇದಕ್ಕೆ ಬೇಕಾದದ್ದು ‘ಧ್ಯಾಸ’. ಆದರೆ “ಧ್ಯಾಸನ ಇರಲಿಲ್ಲ ನೋಡು” ಎನ್ನುವಾಗ ಅದರೊಳಗೆ ನೆನಪೂ ಇದೆ, ಗಮನವೂ ಇದೆ. ಎರಡನ್ನೂ ಬೇರೆ ಬೇರೆ ಅಳೆಯುವ ಕಡೆ ಇದು ತೊಡಕು. ಸದ್ಯಕ್ಕೆ ನೆನಪಿಗೆ ‘ನೆಪ್ಪು’, ಗಮನಕ್ಕೆ ‘ಲಕ್ಷ್ಯ’ ಎಂದಿಟ್ಟಿದ್ದೇನೆ.

ಸ್ಟ್ರೂಪ್ ಎಂಬ ಅಮೆರಿಕದ ಮನೋವಿಜ್ಞಾನಿ 1935ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಈಗ ಮೊಬೈಲಿಗೆ ಬಂದಿದೆ. ಹಸಿರು ಬಣ್ಣದಲ್ಲಿ ‘ಕೆಂಪು’ ಎಂದು ಬರೆದಿರುತ್ತದೆ. ಅಕ್ಷರ ಓದಬಾರದು, ಬಣ್ಣ ಹೇಳಬೇಕು. ತುದಿನಾಲಿಗೆಗೆ ಬಂದ ‘ಕೆಂಪು’ ನುಂಗಿಕೊಂಡು ‘ಹಸಿರು’ ಎನ್ನುವ ಆ ಶಕ್ತಿಗೆ ‘ಪ್ರತಿಬಂಧ’ ಎಂದರೆ ಸರ್ಕಾರಿ ಆದೇಶದ ಹಾಗಿರುತ್ತದೆ. ‘ಹಿಡಿತ’ ಸಾಕು ಅನಿಸುತ್ತದೆ.

2016ರಲ್ಲಿ ಬಂದ ‘ಸೀ ಹೀರೋ ಕ್ವೆಸ್ಟ್’ ಎಂಬ ಮೊಬೈಲ್ ಆಟದಲ್ಲಿ ನಕ್ಷೆ ನೆನಪಿಟ್ಟುಕೊಂಡು ದೋಣಿ ನಡೆಸಬೇಕು. 40 ಲಕ್ಷಕ್ಕೂ ಜಾಸ್ತಿ ಜನ ಆಡಿದ್ದಾರೆ. ಮರೆವಿನ ಕಾಯಿಲೆಯಲ್ಲಿ ದಾರಿ ತಪ್ಪುವುದು ಬೇಗ ಕಾಣಿಸಿಕೊಳ್ಳಬಹುದು, ಅದಕ್ಕೇ ಈ ಆಟ. ದಾರಿ ಗುರುತಿಸುವ ಈ ಶಕ್ತಿಯನ್ನು ‘ದಿಕ್ಕಿನ ಖಬರು’ ಎನ್ನಬಹುದೇ? ಅರಬಿಯಲ್ಲಿ ಖಬರು ಸುದ್ದಿಯಾದರೂ, “ಮೈಮ್ಯಾಲ ಖಬರಿಲ್ಲ” ಎನ್ನುವ ನಮಗೆ ಅದು ಎಚ್ಚರ.

ಇವೆಲ್ಲ ಸೇರಿದ್ದಕ್ಕೆ ಮಾತ್ರ ಪದ ಸಿಗುತ್ತಿಲ್ಲ. ‘ಚುರುಕು’ ಎಂದರೆ ಬರೀ ವೇಗ. ನಿಧಾನಕ್ಕೆ ಒತ್ತಿದರೂ ಸರಿಯಾಗಿ ಒತ್ತುವ ದೊಡ್ಡವ್ವನಿಗೆ ಅದು ಅನ್ಯಾಯ. ‘ಅರಿವು’ ಚೆನ್ನಾಗಿದೆ, ಆದರೆ ‘ಅರಿವೇ ಗುರು’ ಎನ್ನುವ ನಾಡಿನಲ್ಲಿ ಆ ಪದ ತೀರಾ ಎತ್ತರದಲ್ಲಿದೆ. ಅದಕ್ಕೆ ಅಂಕ ಹಾಕಲು ಕೈ ಬರುತ್ತಿಲ್ಲ.

ಗದಗ, ಹಾವೇರಿ ಕಡೆಯವರು ‘ಧ್ಯಾಸ’ವನ್ನು ನೆನಪಿಗೆ ಜಾಸ್ತಿ ಬಳಸುತ್ತೀರೋ, ಗಮನಕ್ಕೋ? ‘ಖಬರು’ ಇಡೀ ಗುಂಪಿನ ಹೆಸರಾಗಿ ನಿಲ್ಲುತ್ತದೆಯೇ? ಪರದೆಯ ಮೇಲೆ ಈಗ ‘ನೆಪ್ಪು-ಲಕ್ಷ್ಯದ ಆಟ’ ಎಂದಷ್ಟೇ ಇದೆ. ‘ಮೌಲ್ಯಮಾಪನ’ ಎಂಬ ಪದ ತೆಗೆದ ಮೇಲೆ ದೊಡ್ಡವ್ವ ಎರಡು ಸುತ್ತು ಆಡಿದ್ದಾಳೆ.