ಪದಚರ್ಚೆ: ಡ್ಯಾಪಲ್, ಪೈಬಾಲ್ಡ್, ಬ್ರಿಂಡಲ್‌ಗೆ ಕನ್ನಡ ಪದ ಬೇಕು (ತುರ್ತು)

ಗೆಳೆಯರೇ,
ಡ್ಯಾಶ್‌ಹೌಂಡ್ (ಗಿಡ್ಡ ಕಾಲಿನ, ಉದ್ದ ಮೈಯ ನಾಯಿ ತಳಿ) ಸಾಕುವವರ ಕೈಪಿಡಿಯೊಂದರ ಅನುವಾದ. ಬಣ್ಣ, ಗಾತ್ರಗಳ ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸದ್ಯ ಹೀಗಿದೆ: ಡ್ಯಾಪಲ್ – ಚುಕ್ಕೆ, ಪೈಬಾಲ್ಡ್ – ಬಿಳಿಚುಕ್ಕೆ, ಡಬಲ್ ಡ್ಯಾಪಲ್ – ಇಮ್ಮಡಿ ಚುಕ್ಕೆ, ಬ್ರಿಂಡಲ್ – ಹುಲಿಪಟ್ಟೆ, ವೈರ್‌ಹೇರ್ – ತಂತಿಗೂದಲು, ಮಿನಿಯೇಚರ್ – ಮರಿ ಡ್ಯಾಶ್‌ಹೌಂಡ್, ಕನಿನ್ಷೆನ್ – ಮೊಲ ಡ್ಯಾಶ್‌ಹೌಂಡ್. ಬ್ಲ್ಯಾಕ್ ಅಂಡ್ ಟ್ಯಾನ್‌ಗೆ ಏನೂ ಹೊಳೆದಿಲ್ಲ. ದಯವಿಟ್ಟು ತಿದ್ದಿಕೊಡಿ.

— ಮರು —

> ಡ್ಯಾಪಲ್ – ಚುಕ್ಕೆ, ಪೈಬಾಲ್ಡ್ – ಬಿಳಿಚುಕ್ಕೆ

ಇದೊಂದು ಮಾತ್ರ ಅಚ್ಚಾಗಬಾರದು. ಡ್ಯಾಪಲ್‌ನಲ್ಲಿ ಕಪ್ಪು ಅಲ್ಲಲ್ಲಿ ತೆಳುವಾಗಿ ಬೂದಿಬಣ್ಣಕ್ಕೆ ತಿರುಗಿರುತ್ತದೆ, ನಡುವೆ ಅಚ್ಚಗಪ್ಪಿನ ತೇಪೆಗಳು ಉಳಿದಿರುತ್ತವೆ, ತೇಪೆಯ ಅಂಚು ಹರಿದ ಕಾಗದದ ಹಾಗೆ. ಇದು ಮರ್ಲ್ ಜೀನಿನ ಕೆಲಸ. ಪೈಬಾಲ್ಡ್‌ನಲ್ಲಿ ಬಣ್ಣ ತೆಳುವಾಗುವುದಿಲ್ಲ, ಬಿಳಿ ಇರುವ ಕಡೆ ಬಣ್ಣವೇ ಇಲ್ಲ, ಜೀನೂ ಬೇರೆ. ಎರಡಕ್ಕೂ ಚುಕ್ಕೆ ಅಂದರೆ ಓದಿದವರು ಪೈಬಾಲ್ಡ್ ಅಂದುಕೊಂಡು ಡ್ಯಾಪಲ್‌ಗೆ ಡ್ಯಾಪಲನ್ನೇ ಕೂಡಿಸುತ್ತಾರೆ. ಆಗ ಸರಾಸರಿ ನಾಲ್ಕು ಮರಿಗೆ ಒಂದು, ತಂದೆ ತಾಯಿ ಎರಡೂ ಕಡೆಯಿಂದ ಮರ್ಲ್ ಪಡೆದು ಹುಟ್ಟುತ್ತದೆ. ಅದೇ ಡಬಲ್ ಡ್ಯಾಪಲ್: ಕಿವುಡು, ಕುರುಡು, ಬೆಳೆಯದ ಕಣ್ಣುಗುಡ್ಡೆಯ ಅಪಾಯ ಅದಕ್ಕೆ.

ಇನ್ನೊಂದು. ಮರ್ಲ್ ತೆಳುವಾಗಿಸುವುದು ಕಪ್ಪು ಮತ್ತು ಚಾಕೊಲೇಟ್ ವರ್ಣಕವನ್ನು ಮಾತ್ರ. ಕೆಂಪು ನಾಯಿಯಲ್ಲಿ ಅದು ಕಾಣದೆಯೇ ಇರಬಹುದು. ಹಾಗಾಗಿ ಕೂಡಿಸುವ ಮುಂಚೆ ಜೀನ್ ಪರೀಕ್ಷೆ ಅಂತ ಪುಟದ ಕೆಳಗೆ ಒಂದು ಸಾಲು ಹಾಕಿ.

ಪೈಬಾಲ್ಡ್‌ಗೆ 'ಹಂಡ' ಇದ್ದೇ ಇದೆ. ದನಕ್ಕೆ ಹೇಳುವುದು ನಾಯಿಗೆ ಯಾಕೆ ಬೇಡ? ಡ್ಯಾಪಲ್‌ಗೆ 'ಬೂದಿಮಚ್ಚೆ'.

— ಮರು —

ಕೆಂಪು ಡ್ಯಾಪಲ್ ಬಂದರೆ 'ಕೆಂಪು ಬೂದಿಮಚ್ಚೆ' ಅನ್ನುತ್ತೀರಾ? 'ಮಾಸುಮಚ್ಚೆ' ಎನ್ನಿ. ಎಲ್ಲ ಬಣ್ಣಕ್ಕೂ ಹೊಂದುತ್ತದೆ.

ಬ್ಲ್ಯಾಕ್ ಅಂಡ್ ಟ್ಯಾನ್‌ಗೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮನ ನಾಯಿಗಳನ್ನು 'ಚತುರಕ್ಷೌ ಶಬಲೌ' (ನಾಲ್ಕು ಕಣ್ಣಿನ, ಮಚ್ಚೆಮಚ್ಚೆಯ) ಎಂದಿದೆ. ಕಣ್ಣಿನ ಮೇಲೆ ಒಂದೊಂದು ಕೆಂಗಂದು ಬೊಟ್ಟು, ದೂರದಿಂದ ನಾಲ್ಕು ಕಣ್ಣು. ಚತುರಕ್ಷ ಎಂದರೆ ಮುಗಿಯಿತು. ಬ್ರಿಂಡಲ್‌ಗೆ ಶಬಲ. ಗ್ರೀಕರ ಪಾತಾಳ ಕಾಯುವ ನಾಯಿ ಕೆರ್ಬೆರೋಸ್‌ನ ಹೆಸರು ಕೂಡ ಇದೇ ಶಬಲ.

— ಮರು —

ಕೆರ್ಬೆರೋಸ್ ವ್ಯುತ್ಪತ್ತಿ ಇನ್ನೂ ವಿವಾದದಲ್ಲಿದೆ, ಅದನ್ನಿಲ್ಲಿ ಕಟ್ಟಿಹಾಕಬೇಡಿ. ನಾಯಿ ಕೊಳ್ಳಲು ಬಂದವನು 'ಚತುರಕ್ಷ ಮರಿ ಇದೆಯಾ' ಅಂತ ಕೇಳುವುದಿಲ್ಲ. ಕನ್ನಡವೇ ಬೇಕಾದರೆ ನಾಲ್ಗಣ್ಣ.

'ಮಾಸುಮಚ್ಚೆ'ಯೂ ಬೇಡ. ಅದೇ ಕೈಪಿಡಿಯಲ್ಲಿ ಹೆರಿಗೆಯ ಅಧ್ಯಾಯ ಇರುತ್ತದೆ, ಅಲ್ಲಿ ಮಾಸು ಬೀಳುವ ವಿಷಯ ಬರುತ್ತದೆ. 'ಮಾಸಲುಮಚ್ಚೆ' ಮಾಡಿ.

ಇಮ್ಮಡಿ ಪುಲಿಕೇಶಿ ಎರಡನೆಯವನು, ಎರಡರಷ್ಟು ದಪ್ಪದವನಲ್ಲ. 'ಇಮ್ಮಡಿ ಚುಕ್ಕೆ' ಓದಿದವರು ಎರಡು ಪಟ್ಟು ಚೆಂದ ಅಂದುಕೊಂಡು ದುಡ್ಡು ಜಾಸ್ತಿ ಕೊಡುತ್ತಾರೆ. 'ಜೋಡಿಜೀನಿನ ಮಾಸಲುಮಚ್ಚೆ' ಅನ್ನಿ, ಉದ್ದವಾದರೂ ಪರವಾಗಿಲ್ಲ.

ತಂತಿಗೂದಲು ಕನ್ನಡ ಲಿಪಿಯ ಇಂಗ್ಲಿಷ್. ಬಿರುಗೂದಲು, ನೀಳ್ಗೂದಲು, ನುಣ್ಗೂದಲು: ಮೂರೂ ಒಂದೇ ಅಚ್ಚಿನವು.

— ಮರು —

ಜೀನ್, ವರ್ಣಕ, ಪರೀಕ್ಷೆ ಎಲ್ಲ ಎರವಲು ನಡೆಯುತ್ತದೆ, ಡ್ಯಾಪಲ್ ಮಾತ್ರ ನಡೆಯುವುದಿಲ್ಲ! ನೋಂದಣಿ ಪತ್ರದಲ್ಲಿ ಇರುವುದು ಡ್ಯಾಪಲ್ ಎಂದೇ. ಮೊದಲ ಸಲ 'ಡ್ಯಾಪಲ್, ಅಂದರೆ ಮಾಸಲುಮಚ್ಚೆ' ಎಂದು ಬರೆದು ಮುಂದೆ ಯಾವುದಾದರೂ ಒಂದನ್ನೇ ಬಳಸಿ. ಇಸಬೆಲ್ಲಾವನ್ನಂತೂ ಮುಟ್ಟಬೇಡಿ, ಚಾಕೊಲೇಟ್ ಬಣ್ಣ ತೆಳುವಾದರೆ ಅದು.

ಹುಲಿಪಟ್ಟೆ ಚೆನ್ನಾಗಿದೆ, ಆದರೆ ಮೂಲ ಜರ್ಮನ್‌ನಿಂದ ಬಂದಿದ್ದರೆ ಹುಷಾರು. ಅಲ್ಲಿ 'ಟೀಗರ್‌ಟೆಕೆಲ್' (ಅಕ್ಷರಶಃ ಹುಲಿ ಡ್ಯಾಶ್‌ಹೌಂಡ್) ಅಂದರೆ ಡ್ಯಾಪಲ್, ಪಟ್ಟೆಯದಕ್ಕೆ 'ಗೆಶ್ಟ್ರೋಮ್ಟ್'. ಕಪ್ಪು-ಕೆಂಗಂದು (ಬ್ಲ್ಯಾಕ್ ಅಂಡ್ ಟ್ಯಾನ್) ನಾಯಿಯಲ್ಲಿ ಪಟ್ಟೆ ಕಾಣುವುದು ಕೆಂಗಂದು ಜಾಗಗಳಲ್ಲಿ ಮಾತ್ರ: ಹುಬ್ಬು, ದವಡೆ, ಎದೆ, ಪಾದ, ಬಾಲದಡಿ. ಇಲ್ಲಿ ಬರೀ 'ಕಂದು' ಬೇಡ, ಅದು ಚಾಕೊಲೇಟ್‌ಗೆ ಬೇಕು. ಚಾಕೊಲೇಟ್ ನಾಯಿಗೆ ಮೂಗೂ ಕಂದು.

ಮಿನಿಯೇಚರ್‌ಗೆ 'ಮರಿ' ಅಂದರೆ ಬೆಳೆಯುತ್ತದೆ ಅಂತ ಕಾಯುತ್ತಾರೆ. ಕಿರು ಸರಿ. ಮೊಲದ್ದು ಮೊಲದಷ್ಟು ದೊಡ್ಡದು ಅಂತಲ್ಲ, ಮೊಲದ ಬಿಲಕ್ಕೆ ನುಗ್ಗುವಂಥದ್ದು. ಅದಕ್ಕೇ ಎಫ್‌ಸಿಐ (ಅಂತರರಾಷ್ಟ್ರೀಯ ನಾಯಿ ತಳಿ ಒಕ್ಕೂಟ) ಅಳೆಯುವುದು ಎದೆಸುತ್ತು, 15 ತಿಂಗಳು ತುಂಬಿದ ಮೇಲೆ. ಗಂಡಾದರೆ 27ರಿಂದ 32 ಸೆಂ.ಮೀ. ಮೊಲಬಿಲದ್ದು, ಅದಕ್ಕೆ ಮೇಲೆ 37ರವರೆಗೆ ಕಿರು, 47ರವರೆಗೆ ಸಾಮಾನ್ಯ ಗಾತ್ರ. ಹೆಣ್ಣಿಗೆ ಎಲ್ಲದರಲ್ಲೂ 2 ಸೆಂ.ಮೀ. ಕಡಿಮೆ. ಅಮೆರಿಕದಲ್ಲಿ ತೂಕದ ಲೆಕ್ಕ, ಕಿರು ಅಂದರೆ 11 ಪೌಂಡ್ ಒಳಗೆ, ಮೊಲದ ವರ್ಗವೇ ಇಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

— ಮರು —

ಎಲ್ಲರಿಗೂ ಧನ್ಯವಾದಗಳು. ಮಾಸಲುಮಚ್ಚೆ, ಹಂಡ, ಹುಲಿಪಟ್ಟೆ, ಕಪ್ಪು-ಕೆಂಗಂದು, ಬಿರುಗೂದಲು, ಕಿರು, ಮೊಲಬಿಲದ ಡ್ಯಾಶ್‌ಹೌಂಡ್. ನಾಲ್ಗಣ್ಣ ಬಿಟ್ಟಿದ್ದೇನೆ. ಜೀನ್ ಪರೀಕ್ಷೆಯ ಸಾಲು ದಪ್ಪಕ್ಷರದಲ್ಲಿದೆ. ಪುಟ ಕಳಿಸುತ್ತಿದ್ದೇನೆ.

— ಮರು —

ಕಳಿಸುವ ಮುಂಚೆ ಶೀರ್ಷಿಕೆ ನೋಡಿ. ಡ್ಯಾಶೂ ಅಲ್ಲ, ಹೌಂಡೂ ಅಲ್ಲ. ಜರ್ಮನ್‌ನಲ್ಲಿ ಡಾಕ್ಸ್ ಅಂದರೆ ಬ್ಯಾಜರ್ (ಬಿಲ ತೋಡುವ ಒಂದು ಪ್ರಾಣಿ), ಹುಂಟ್ ಅಂದರೆ ನಾಯಿ. ಡಾಕ್ಸ್‌ಹುಂಟ್. ಬ್ಯಾಜರ್‌ಗೆ ಯಾರಾದರೂ ತರಕರಡಿ ಅಂದೀರಿ, ಅದು ಬೇರೆ ಪ್ರಾಣಿ.