ಏಳನೇ ಕ್ಲಾಸಿನ ಮಗಳಿಗೆ ಟ್ಯಾಬ್ ಕೊಡಿಸಲಾ, ಲ್ಯಾಪ್‌ಟಾಪ್ ಕೊಡಿಸಲಾ? ಬಜೆಟ್ 25 ಸಾವಿರ, ಊರು ಕಲಬುರಗಿ

ಆಳಂದ ರಸ್ತೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಹಳ ದಿನದಿಂದ ಇದೇ ವಾದ ನಡೆದಿದೆ, ಇತ್ಯರ್ಥ ಆಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮಗಳು ಈ ಜೂನ್‌ಗೆ ಏಳನೇ ಕ್ಲಾಸು. ಇಂಗ್ಲಿಷ್ ಮೀಡಿಯಂ, ಸ್ಟೇಟ್ ಸಿಲಬಸ್. ಮಗ ಒಂದನೇ ಕ್ಲಾಸು. ಈಗ ಎಲ್ಲಾ ನಡೆಯುವುದು ನಮ್ಮ ಯಜಮಾನರ ಫೋನಿನಲ್ಲಿ. ಅವರು ಗಂಜ್‌ನಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುತ್ತಾರೆ, ತೊಗರಿ ಸೀಜನ್ನಲ್ಲಂತೂ ಮನೆಗೆ ಬರುವುದೇ ರಾತ್ರಿ ಒಂಬತ್ತಕ್ಕೆ. ಅಷ್ಟೊತ್ತಿಗೆ ಶಾಲೆಯ ಗ್ರೂಪಿನಲ್ಲಿ ಹೋಮ್‌ವರ್ಕ್ ಪಿಡಿಎಫ್ ಬಂದು ಬಿದ್ದಿರುತ್ತದೆ, ಇವಳು ನಿದ್ದೆಗಣ್ಣಲ್ಲಿ ಕೂತು ಸಣ್ಣ ಸ್ಕ್ರೀನ್ ನೋಡಿ ಬರೆದುಕೊಳ್ಳುತ್ತಾಳೆ.

ಯಜಮಾನರು ಟ್ಯಾಬ್ ಅನ್ನುತ್ತಾರೆ. ಹಗುರ, ಕಡಿಮೆ ರೇಟು, ಚಿಕ್ಕವನಿಗೂ ಆಗುತ್ತದೆ ಅಂತ. ನನ್ನ ತಮ್ಮ ಹೈದರಾಬಾದಿನಲ್ಲಿದ್ದಾನೆ, ಅವನು "ಅಕ್ಕಾ, ಟ್ಯಾಬ್ ಅಂದ್ರೆ ದೊಡ್ಡ ಫೋನ್ ಅಷ್ಟೇ, ಲ್ಯಾಪ್‌ಟಾಪೇ ತಗೋ" ಅನ್ನುತ್ತಾನೆ. ಮಗಳಿಗೆ ಚಿತ್ರ ಬಿಡಿಸುವುದು ಇಷ್ಟ, ಕನ್ನಡದಲ್ಲಿ ಸಣ್ಣ ಸಣ್ಣ ಕಥೆನೂ ಬರೆಯುತ್ತಾಳೆ. ಶಾಲೆಯಲ್ಲಿ ಸ್ಕ್ರ್ಯಾಚ್ ಅಂತ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು ಶುರು ಮಾಡಿದ್ದಾರೆ. 25 ಸಾವಿರಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ, ಕಂತು ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಒಂದು ಸಲ ತೆಗೆದುಕೊಂಡರೆ ಹತ್ತನೇ ಕ್ಲಾಸಿನವರೆಗಾದರೂ ಬರಬೇಕು. ನಮ್ಮೂರಿನ ಬಿಸಿಲು, ಕರೆಂಟು ಎರಡನ್ನೂ ನೋಡಿದವರು ಹೇಳಿದರೆ ಒಳ್ಳೆಯದು. ಬೆಂಗಳೂರಿನವರ ಲೆಕ್ಕ ನಮಗೆ ಹೊಂದುವುದಿಲ್ಲ.

ಬೀದರ್ ಕೋಟೆ

ಅಕ್ಕಾ, ನಿಮ್ಮ ತಮ್ಮ ಹೇಳಿದ್ದು ಸರಿ, ಆದರೆ ಅವನು ಅರ್ಧ ಮಾತ್ರ ಹೇಳಿದ್ದಾನೆ. ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ಹೊಸದು ಬೇಡ. 25 ಸಾವಿರದೊಳಗೆ ಬರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ 4 ಜಿಬಿ ರ‍್ಯಾಮ್ ಮತ್ತು ಇಎಂಎಂಸಿ ಅನ್ನುವ ನಿಧಾನದ ಸ್ಟೋರೇಜ್ ಇರುತ್ತದೆ. ಅಂಗಡಿಯಲ್ಲಿ ಆನ್ ಮಾಡಿ ತೋರಿಸುವಾಗ ಚಂದ ಕಾಣುತ್ತದೆ, ಮನೆಗೆ ತಂದು ನಾಲ್ಕು ಅಪ್‌ಡೇಟ್ ಆದಮೇಲೆ ಒಂದು ಫೈಲ್ ತೆರೆಯಲು ಕಾಯುತ್ತಾ ಕೂರಬೇಕು. ಅದಕ್ಕಿಂತ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಎಷ್ಟೋ ಮೇಲು. ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್ ಇಂಥವು. ಗಟ್ಟಿ ಇರುತ್ತವೆ, ಕೀಬೋರ್ಡ್ ಚೆನ್ನಾಗಿರುತ್ತದೆ, ರಿಪೇರಿ ಸುಲಭ.

ಆದರೆ ಒಂದು ವಿಷಯ ಬಿಡಲೇಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ತೆಗೆದುಕೊಳ್ಳುವ ಮಷೀನು ವಿಂಡೋಸ್ 11ಕ್ಕೆ ಅರ್ಹ ಇರಬೇಕು, ಅಂದ್ರೆ ಅದರ ಪ್ರೊಸೆಸರ್ (ಮಷೀನಿನ ಮೆದುಳು) ಇಂಟೆಲ್ ಕಂಪನಿಯದಾದರೆ ಎಂಟನೇ ಜನರೇಷನ್, ಅಂದ್ರೆ ಎಂಟನೇ ತಲೆಮಾರಿನದು, ಅಥವಾ ಅದಕ್ಕಿಂತ ಹೊಸದು. ಅದನ್ನು ನೋಡುವುದು ಕಷ್ಟ ಅಲ್ಲ. ಪ್ರೊಸೆಸರ್ ಹೆಸರು ಐ5-8350 ಅಂತಿದ್ದರೆ ಗೆರೆಯ ನಂತರ ಬರುವ 8 ಅದೇ ಜನರೇಷನ್. ಐ5-10210 ಅಂತ ಐದು ಅಂಕಿ ಇದ್ದರೆ ಮೊದಲ ಎರಡು ಅಂಕಿ, ಅಂದ್ರೆ ಹತ್ತನೇದು. 6ರಿಂದಲೋ 7ರಿಂದಲೋ ಶುರುವಾಗುವ ನಾಲ್ಕು ಅಂಕಿ ಇದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ರ‍್ಯಾಮ್ 8 ಜಿಬಿ, ಸ್ಟೋರೇಜ್ ಎಸ್‌ಎಸ್‌ಡಿ ಅನ್ನುವ ವೇಗದ್ದು, 256 ಜಿಬಿ. ಇದಕ್ಕಿಂತ ಜಾಸ್ತಿ ಏಳನೇ ಕ್ಲಾಸಿಗೆ ಬೇಕಾಗಿಲ್ಲ.

ಯಾದಗಿರಿ ಅಕ್ಕ

ಎಲ್ಲರೂ ಲ್ಯಾಪ್‌ಟಾಪ್ ಲ್ಯಾಪ್‌ಟಾಪ್ ಅನ್ನುತ್ತೀರಿ, ಮನೆಯಲ್ಲಿ ಸಣ್ಣ ಮಕ್ಕಳನ್ನು ಸಂಭಾಳಿಸುವವರನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಟ್ಯಾಬ್ ಇದೆ, 11 ಇಂಚಿನದು, ಪೆನ್ನು ಜೊತೆಗೆ ಬಂತು. ಪಾಠದ ಪುಸ್ತಕದ ಪಿಡಿಎಫ್ ಓದಲು ಅದರಷ್ಟು ಆರಾಮ ಯಾವುದೂ ಇಲ್ಲ, ಉದ್ದಕ್ಕೆ ಹಿಡಿದರೆ ಇಡೀ ಪುಟ ಕಾಣುತ್ತದೆ. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇರುತ್ತದಲ್ಲ, ದೀಕ್ಷಾ ಆಪ್ ತೆರೆದು ಕ್ಯಾಮೆರಾ ಹಿಡಿದರೆ ಆ ಪಾಠದ ವಿಡಿಯೋ ಬರುತ್ತದೆ. ಲ್ಯಾಪ್‌ಟಾಪ್ ಎತ್ತಿ ಪುಸ್ತಕದ ಮೇಲೆ ಹಿಡಿಯಲು ಆಗುತ್ತಾ? ನಿಮ್ಮ ಮಗಳಿಗೆ ಚಿತ್ರ ಇಷ್ಟ ಅಂತೀರಿ, ಮೌಸಿನಲ್ಲಿ ಚಿತ್ರ ಬಿಡಿಸುವುದು ಅಂದ್ರೆ ಸೋಪು ಹಿಡಿದುಕೊಂಡು ರಂಗೋಲಿ ಹಾಕಿದ ಹಾಗೆ.

ಟ್ಯಾಬ್ ತೆಗೆದುಕೊಂಡರೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬಂದ್, ಯಾವ ಆಪ್ ಬೇಡ, ಎಲ್ಲಾ ನಿಮ್ಮ ಫೋನಿನಿಂದಲೇ ಮಾಡಬಹುದು. ಮಕ್ಕಳ ಡಾಕ್ಟರುಗಳ ಸಂಘ, ಅದೇ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಸ್ಕ್ರೀನ್ ಅಂತ ಹೇಳುತ್ತದೆ. ನಿಮ್ಮ ಒಂದನೇ ಕ್ಲಾಸಿನವನು ಆ ಲೆಕ್ಕಕ್ಕೆ ಬರುತ್ತಾನೆ. ಅವನ ಕೈಗೆ ಸಿಗುವ ಹಾಗೆ ಲ್ಯಾಪ್‌ಟಾಪ್ ಇಟ್ಟರೆ ಕೀ ಕಿತ್ತು ಆಟ ಆಡುತ್ತಾನೆ, ನಾನು ಕಣ್ಣಾರೆ ನೋಡಿದ್ದೇನೆ, ನಮ್ಮ ನಾದಿನಿ ಮನೆಯಲ್ಲಿ.

ಸೇಡಂ ಮೇಷ್ಟ್ರು

ಇಬ್ಬರದೂ ಒಂದೊಂದು ಕಡೆಯಿಂದ ಸರಿಯೇ ಇದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ, ಹಾಗಾಗಿ ಶಾಲೆಯ ಕಡೆಯಿಂದ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯವರೆಗೆ ಪರೀಕ್ಷೆ ಪೆನ್ನಿನಲ್ಲೇ ಬರೆಯುವುದು. ಹಾಗಾಗಿ ಶಾಲೆಗೆ ಅಂತ ಇವೆರಡರಲ್ಲಿ ಒಂದು ಬೇಕೇ ಬೇಕು ಅಂತ ಯಾರೂ ಹೆದರಬೇಕಾಗಿಲ್ಲ. ಓದಲು, ವಿಡಿಯೋ ನೋಡಲು ಟ್ಯಾಬ್ ಸಾಕು. ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೂ ಗಣಿತದ ಪಾಠ ಇದೆ, ದುಡ್ಡಿಲ್ಲ, ಟ್ಯಾಬಿನಲ್ಲಿ ಚೆನ್ನಾಗಿ ನಡೆಯುತ್ತದೆ. ಸ್ಕ್ರ್ಯಾಚ್ ಕೂಡ 2019ರಲ್ಲಿ ಬಂದ 3.0ರಿಂದ ಟ್ಯಾಬಿನಲ್ಲಿ ಓಡುತ್ತದೆ. ನಿಮ್ಮ ಚಿಕ್ಕವನಿಗೆ ಸ್ಕ್ರ್ಯಾಚ್ ಜೂನಿಯರ್ ಅಂತ ಬೇರೆಯೇ ಇದೆ, ಐದರಿಂದ ಏಳು ವರ್ಷದವರಿಗೆ ಮಾಡಿದ್ದು.

ಆದರೆ ಅಮ್ಮಾ, ನೀವು ಹತ್ತನೇ ಕ್ಲಾಸಿನವರೆಗೆ ಬರಬೇಕು ಅಂತ ಬರೆದಿದ್ದೀರಿ. ಅಲ್ಲೇ ಮಾತು ತಿರುಗುತ್ತದೆ. ಟ್ಯಾಬ್ ಮಕ್ಕಳಿಗೆ ನೋಡುವುದನ್ನು ಚೆನ್ನಾಗಿ ಕಲಿಸುತ್ತದೆ. ಲ್ಯಾಪ್‌ಟಾಪ್ ಇದ್ದರೆ ಏನಾದರೂ ಮಾಡಬೇಕಾಗುತ್ತದೆ. ಫೈಲ್ ಅಂದ್ರೇನು, ಫೋಲ್ಡರ್ ಎಲ್ಲಿದೆ, ಸೇವ್ ಮಾಡಿದ್ದು ಎಲ್ಲಿಗೆ ಹೋಯಿತು, ಇದು ಗೊತ್ತಿಲ್ಲದ ಮಕ್ಕಳನ್ನು ಈಗ ಜಾಸ್ತಿ ನೋಡುತ್ತಿದ್ದೇನೆ. ಫೋನಿನಲ್ಲಿ ಏನು ಬೇಕಾದರೂ ಹುಡುಕುತ್ತಾರೆ, ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪುಟ ಟೈಪ್ ಮಾಡಿ ಪೆನ್‌ಡ್ರೈವಿಗೆ ಹಾಕು ಅಂದರೆ ಮುಖ ನೋಡುತ್ತಾರೆ. ನಿಮ್ಮ ಮಗಳು ಕಥೆ ಬರೆಯುತ್ತಾಳೆ ಅಂದಿರಿ, ಅವಳಿಗೆ ಕೀಬೋರ್ಡ್ ಬೇಕು. ಸ್ಕ್ರ್ಯಾಚ್ ದಾಟಿ ಪೈಥಾನ್‌ಗೆ, ಅಂದ್ರೆ ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆಗೆ ಬಂದರೂ ಕೀಬೋರ್ಡ್ ಬೇಕು.

ಇನ್ನೊಂದು, ಹಳ್ಳಿ ಕಡೆ ಇರುವವರು ಓದುತ್ತಿದ್ದರೆ: ಪಂಚಾಯಿತಿ ಲೈಬ್ರರಿಗಳನ್ನು ಈಗ ಅರಿವು ಕೇಂದ್ರ ಅಂತ ಮಾಡಿದ್ದಾರೆ, ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ದುಡ್ಡು ಖರ್ಚು ಮಾಡುವ ಮೊದಲು ಒಂದು ಸಲ ಅಲ್ಲಿಗೆ ಹೋಗಿ ನೋಡಿ, ಬೀಗ ಹಾಕಿದ್ದರೆ ಪಂಚಾಯಿತಿಯಲ್ಲಿ ಕೇಳಿ.

ಬಿಸಿಲೂರು ರಿಪೇರಿ

ನಾನು ಮೊಬೈಲ್, ಲ್ಯಾಪ್‌ಟಾಪ್ ಎರಡೂ ರಿಪೇರಿ ಮಾಡುತ್ತೇನೆ, ಹಾಗಾಗಿ ಬಿಸಿಲಿನ ಪ್ರಶ್ನೆ ನನಗೆ ಬಿಡಿ. ಆಪಲ್ ಕಂಪನಿಯೇ ಐಪ್ಯಾಡನ್ನು 0ರಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಬರೆಯುತ್ತದೆ. ನಮ್ಮೂರು ಮೇ ತಿಂಗಳಲ್ಲಿ 42 ದಾಟುತ್ತದೆ. ಸರ್ಕಾರಿ ಆಫೀಸುಗಳೇ ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಬ್ಯಾಟರಿಗೆ ಮಾತ್ರ ರಜೆ ಇಲ್ಲ. ಟ್ಯಾಬಿನಲ್ಲಿ ಫ್ಯಾನ್ ಇರುವುದಿಲ್ಲ, ಕಾದರೆ ನಿಧಾನ ಆಗುತ್ತದೆ, ಬೆಳಕು ಕಡಿಮೆ ಮಾಡಿಕೊಳ್ಳುತ್ತದೆ, ಚಾರ್ಜ್ ನಿಲ್ಲಿಸುತ್ತದೆ. ಅದು ಕೆಟ್ಟಿದ್ದಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಫ್ರಿಜ್ಜಿನಲ್ಲಿ ಇಡಬೇಡಿ, ಹಾಗೆ ಇಟ್ಟು ನೀರು ಕೂಡಿಸಿಕೊಂಡು ತಂದವರು ಇದ್ದಾರೆ. ಸುಮ್ನೆ ಆಫ್ ಮಾಡಿ ನೆರಳಲ್ಲಿ ಬಿಡಿ.

ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಇದೆ, ಆದರೆ ನಮ್ಮ ಧೂಳು ಅದರೊಳಗೆ ಹತ್ತಿಯ ಹಾಳೆ ಥರ ಕೂರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಊದಿಸಿ, ಬೇಸಿಗೆ ಶುರುವಾಗುವ ಮೊದಲು. ಹಾಸಿಗೆ, ದಿಂಬಿನ ಮೇಲೆ ಇಟ್ಟು ಬಳಸಬಾರದು, ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತದೆ. ಕರೆಂಟಿನ ವಿಷಯಕ್ಕೆ ಬಂದರೆ ಎರಡಕ್ಕೂ ಬ್ಯಾಟರಿ ಇದೆ, ಕರೆಂಟ್ ಹೋದರೆ ಆರಿಹೋಗುವುದು ವೈಫೈ ಡಬ್ಬಿ. ಅದಕ್ಕೆ ಅಂತ ಸಣ್ಣ ಯುಪಿಎಸ್ ಸಿಗುತ್ತದೆ, 12 ವೋಲ್ಟಿನದು, ಅದನ್ನು ಹಾಕಿಕೊಳ್ಳಿ.

ಹಳೇ ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ವಿಂಡೋಸ್‌ನಲ್ಲೇ ಒಂದು ಕಮಾಂಡ್ ಇದೆ, ಅಂಗಡಿಯವನಿಗೆ ಗೊತ್ತಿರುತ್ತದೆ, ಗೊತ್ತಿಲ್ಲ ಅಂದರೆ ಅಲ್ಲಿ ತೆಗೆದುಕೊಳ್ಳಬೇಡಿ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಬರುತ್ತದೆ. ಅರ್ಧಕ್ಕಿಂತ ಕೆಳಗೆ ಬಂದಿದ್ದರೆ ಹೊಸ ಬ್ಯಾಟರಿ ದುಡ್ಡು ಕಳೆದು ರೇಟು ಮಾತಾಡಿ. ಕೀಲು, ಎಲ್ಲಾ ಯುಎಸ್‌ಬಿ ಕಿಂಡಿ, ಕ್ಯಾಮೆರಾ, ಮೈಕು, ಪ್ರತಿ ಕೀ ಒತ್ತಿ ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಆಳಂದ ರಸ್ತೆ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಯಜಮಾನರು ಸೂಪರ್ ಮಾರ್ಕೆಟ್ ಕಡೆ ಹೋಗಿ ಒಂದು ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದರು. 22 ಸಾವಿರಕ್ಕೆ ಐ7 ಲ್ಯಾಪ್‌ಟಾಪ್ ಕೊಡುತ್ತೇನೆ, ವಿಂಡೋಸ್ 11 ಹಾಕಿಯೇ ಕೊಡುತ್ತೇನೆ ಅಂದನಂತೆ. ಚೀಟಿಯಲ್ಲಿ ಐ7-6600 ಅಂತ ಬರೆದಿದೆ. ಐ7 ಅಂದ್ರೆ ಐ5ಗಿಂತ ದೊಡ್ಡದಲ್ವಾ? ಇವರು ಅದೇ ಖುಷಿಯಲ್ಲಿದ್ದಾರೆ. ಬೀದರ್ ತಮ್ಮ, ನೀನು ಹೇಳಿದ ಲೆಕ್ಕದಲ್ಲಿ ಇದು ಆರನೇದು ಆಗುತ್ತದೆ, ಆದರೂ 11 ಹಾಕುತ್ತಾನಂತಲ್ಲ?

ಬೀದರ್ ಕೋಟೆ

ಬೇಡ ಅಕ್ಕಾ, ದಯವಿಟ್ಟು ಬೇಡ. ಹಾಕಬಹುದು, ಅದಕ್ಕೆ ಅಡ್ಡದಾರಿ ಇದೆ. ಆದರೆ ಅರ್ಹತೆ ಇಲ್ಲದ ಮಷೀನಿಗೆ ಹಾಗೆ ಹಾಕಿದರೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಆರನೇ ಜನರೇಷನ್ ಐ7ಗಿಂತ ಎಂಟನೇ ಜನರೇಷನ್ ಐ5 ಮೇಲು. ಈ ಥರದ ತೆಳ್ಳನೆ ಲ್ಯಾಪ್‌ಟಾಪಿನಲ್ಲಿ ಆರನೇದರ ಐ7ಗೆ ಎರಡೇ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಭಾಗ), ಎಂಟನೇದರ ಐ5ಗೆ ನಾಲ್ಕು. ಅಣ್ಣಾವ್ರಿಗೆ ಇದೊಂದು ಸಾಲು ತೋರಿಸಿ. ಚೀಟಿ ವಾಪಸ್ ಕೊಟ್ಟು "8ರಿಂದ ಶುರುವಾಗುವುದು ತೋರಿಸು" ಅನ್ನಲಿ, ಇದ್ದೇ ಇರುತ್ತದೆ, ಒಳಗಡೆ ಇಟ್ಟಿರುತ್ತಾರೆ. ಬಿಲ್ಲು ಮತ್ತು ಬರಹದಲ್ಲಿ ವಾರಂಟಿ ಇಲ್ಲದೆ ದುಡ್ಡು ಕೊಡಬೇಡಿ.

ಗಾಣಗಾಪುರ ಬಸ್

ನಡುವೆ ಬಂದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಹಾಲ್‌ನಲ್ಲಿ ಒಂದು ಡೆಸ್ಕ್‌ಟಾಪ್ ಇಟ್ಟರೆ ಆಗಲ್ವಾ? ಮಕ್ಕಳು ಏನು ನೋಡುತ್ತಾರೆ ಅಂತ ಎಲ್ಲರಿಗೂ ಕಾಣುತ್ತದೆ, ಹೊದಿಕೆಯೊಳಗೆ ಒಯ್ಯಲು ಆಗುವುದಿಲ್ಲ.

ಬಿಸಿಲೂರು ರಿಪೇರಿ

ಒಳ್ಳೆ ಐಡಿಯಾನೇ, ಆದರೆ ಯುಪಿಎಸ್ ಬೇಕು, ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಾಯಿಸಬೇಕು, ಬಾಡಿಗೆ ಮನೆ ಬದಲಾಯಿಸುವವರಿಗೆ ತಲೆನೋವು. ಲ್ಯಾಪ್‌ಟಾಪನ್ನೇ ಹಾಲ್‌ನಲ್ಲಿ ಟೇಬಲ್ ಮೇಲೆ ಇಟ್ಟು, ಅಲ್ಲೇ ಕೂತು ಬಳಸು ಅಂದರೆ ಮುಗೀತು.

ಯಾದಗಿರಿ ಅಕ್ಕ

ಸರಿ, ಹಾಲ್‌ನಲ್ಲಿ ಟೇಬಲ್ ಮೇಲೆ ಅಂದರೆ ನಾನೂ ಒಪ್ಪುತ್ತೇನೆ. ಚಿತ್ರಕ್ಕೆ ಮಾತ್ರ ಲ್ಯಾಪ್‌ಟಾಪಿಗೆ ಹಚ್ಚುವ ಡ್ರಾಯಿಂಗ್ ಪ್ಯಾಡ್ ಸಿಗುತ್ತದೆ, ಪೆನ್ನಿನ ಜೊತೆ, ಸಣ್ಣದಾದರೆ ಜಾಸ್ತಿ ರೇಟಿಲ್ಲ. ಮುಂದಿನ ಹಬ್ಬಕ್ಕೆ ನೋಡಿ. ಕ್ರಿತಾ ಅನ್ನುವ ಚಿತ್ರದ ಸಾಫ್ಟ್‌ವೇರ್ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಇದೆ. ಚಿಕ್ಕವನಿಗೆ ಇನ್ನೂ ಏನೂ ಕೊಡಬೇಡಿ, ಅಳಲಿ.

ಆಳಂದ ರಸ್ತೆ ಅಮ್ಮ

ಲ್ಯಾಪ್‌ಟಾಪ್ ಅಂತ ಆಯಿತು. ಭಾನುವಾರ ನಾನೇ ಜೊತೆಗೆ ಹೋಗುತ್ತೇನೆ, ಪ್ರತಿ ಕೀ ಒತ್ತಿ ನೋಡುತ್ತೇನೆ. ಮೇಷ್ಟ್ರೇ, ಕೊನೆಯದೊಂದು. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಬೇಕಾ?

ಸೇಡಂ ಮೇಷ್ಟ್ರು

ಬೇಡ ಅಮ್ಮಾ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಡಿ, ಅದು ಪುಕ್ಕಟೆ, ನಮ್ಮ ಸರ್ಕಾರಿ ಆಫೀಸುಗಳಲ್ಲೂ ಅದೇ ಕೀಲಿಮಣೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಟ ಮತ್ತು ಡ ಮಾತ್ರ ಕ್ಯೂ, ಡಬ್ಲ್ಯೂ ಕೀಗಳಲ್ಲಿ ಇವೆ, ಅಲ್ಲಿ ಎಲ್ಲರೂ ತಡವರಿಸುತ್ತಾರೆ. ಒಂದು ವಿಷಯ ನೋಡಿಕೊಳ್ಳಿ, ಯುನಿಕೋಡ್ ಆಯ್ಕೆಯಲ್ಲೇ ಬರೆಯಲಿ. ಹಳೇ ನುಡಿ ಫಾಂಟಿನಲ್ಲಿ ಬರೆದರೆ ಆ ಕಥೆಯನ್ನು ವಾಟ್ಸಾಪಿನಲ್ಲಿ ಮಾವನಿಗೆ ಕಳಿಸಿದಾಗ ಹೈದರಾಬಾದಿನಲ್ಲಿ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಕಾಣುತ್ತದೆ.