‘ಪದರುಶಿಲೆ’ ಎನ್ನುವುದು ಯಾವ ಕಲ್ಲಿಗೆ?

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ಅಕ್ಕನ ಮಗಳ ಜೊತೆ ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋಗಿದ್ದೆ. ದಾರಿ ಪಕ್ಕ ಹಸಿರು ಛಾಯೆಯ ಒಂದು ಕಲ್ಲು ಸಿಕ್ಕಿತು. ಅಂಚಿಗೆ ಉಗುರು ಹಾಕಿ ಮೀಟಿದರೆ ತೆಳ್ಳಗೆ ಹಾಳೆಯ ಹಾಗೆ ಬಿಟ್ಟುಕೊಂಡಿತು. ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳಪು. “ಚಿಕ್ಕಮ್ಮ, ಇದು ಪದರುಶಿಲೆ ಅಲ್ವಾ?” ಅಂದಳು.

ಪದ ನೋಡಿದರೆ ಅವಳು ಹೇಳಿದ್ದು ಸರಿ. ಕಲ್ಲು ನೋಡಿದರೆ ತಪ್ಪು. ಪದರುಶಿಲೆ, ಕಣಶಿಲೆ, ಜಲಜಶಿಲೆ ಮೂರನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ: ಮರಳು, ಕೆಸರು, ಸುಣ್ಣದಂಥವು ಒಂದರ ಮೇಲೊಂದು ಕೂತು ಗಟ್ಟಿಯಾದ ಕಲ್ಲು. ಅವಳ ಕೈಯಲ್ಲಿದ್ದದ್ದು ರೂಪಾಂತರ ಶಿಲೆ. ನೆಲದಾಳದ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಹೊಸ ಖನಿಜಗಳು ಹುಟ್ಟಿ, ಒತ್ತಡಕ್ಕೆ ಅಡ್ಡಲಾಗಿ ಸಾಲುಗಟ್ಟಿ ಮಲಗಿದ ಕಲ್ಲು. ಅದು ಬಿಡಿಸಿಕೊಳ್ಳುವುದು ಆ ಸಾಲಿನ ಗುಂಟ.

ಅಡುಗೆಮನೆ ಕಟ್ಟೆಗೆ ಹಾಕುವ ಕಡಪ ಕಲ್ಲಿನ ಪದರು ಬೇರೆ. ಅದು ಸುಣ್ಣದ ಕಲ್ಲು, ಕೂತು ಕೂತು ಆದದ್ದು. ನಿಂಬೆಹುಳಿ ಬಿದ್ದು ಹಾಗೇ ಬಿಟ್ಟರೆ ಅಲ್ಲಿ ಹೊಳಪು ಹೋಗುತ್ತದೆ. ಅಮೃತಶಿಲೆಗೂ ಹಾಗೇ ಆಗುತ್ತದೆ, ಯಾಕೆಂದರೆ ಅದು ರೂಪ ಬದಲಿಸಿದ ಸುಣ್ಣದ ಕಲ್ಲೇ. ಆದರೆ ಅಮೃತಶಿಲೆ ಹಾಳೆಯಾಗಿ ಏಳುವುದಿಲ್ಲ. ಹರಿಹರದಲ್ಲಿ 1224ರ ಹೊತ್ತಿಗೆ ಕಟ್ಟಿದ ಹರಿಹರೇಶ್ವರ ಗುಡಿಯ ಬಳಪದ ಕಲ್ಲಿನ ಕಂಬಗಳನ್ನು ಮುಟ್ಟಿ ನೋಡಿ. ಬಳಪದ ಕಲ್ಲೂ ರೂಪಾಂತರ ಶಿಲೆಯೇ, ಎಷ್ಟು ನುಣುಪು! ಅಂದರೆ ಪದರು ಇದೆಯೋ ಇಲ್ಲವೋ ಅಂತ ನೋಡಿ ಯಾವ ಬಗೆಯ ಕಲ್ಲು ಅಂತ ಹೇಳಲು ಬರುವುದಿಲ್ಲ.

ಇನ್ನೂ ತೊಡಕಿನದು ಸ್ಲೇಟು ಕಲ್ಲು. ಅದು ಮೊದಲು ಕೆಸರು. ಕೂತಾಗಿನ ಪದರಿನ ಗೆರೆಗಳು ಅದರಲ್ಲಿ ಉಳಿದಿರುತ್ತವೆ. ಸೀಳಿದರೆ ಮಾತ್ರ ಎಷ್ಟೋ ಸಲ ಆ ಗೆರೆಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗುತ್ತದೆ. ಒಂದೇ ಕಲ್ಲಿನಲ್ಲಿ ಎರಡೂ ಇವೆ. ಎರಡಕ್ಕೂ ‘ಪದರು’ ಅಂದರೆ ಮಗುವಿಗೆ ಹೇಗೆ ತಿಳಿಸುವುದು?

ನನಗೆ ತೋಚಿದ್ದು ಇದು. ಚಿರೋಟಿಗೆ ಹಾಳೆಯ ಮೇಲೆ ಹಾಳೆ ಇಟ್ಟು ಪದರು ಮಾಡುತ್ತೇವೆ. ಗೋಡೆಯ ಸುಣ್ಣ ಎದ್ದಾಗ ನಮ್ಮಮ್ಮ ಪದರು ಅನ್ನುವುದಿಲ್ಲ, “ಚಕ್ಕೆ ಏಳ್ತಾ ಐತೆ” ಅನ್ನುತ್ತಾರೆ. ಮಸಾಲೆಗೆ ಹಾಕುವ ಚಕ್ಕೆಯೂ ಮರದಿಂದ ಎದ್ದ ತೊಗಟೆಯೇ. ಪದರು ಇಟ್ಟದ್ದು, ಚಕ್ಕೆ ಎದ್ದದ್ದು. ಈ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ, ಪಾಠದೊಳಗೆ ಮಾತ್ರ ಬಂದಿಲ್ಲ.

ಹಾಗಾಗಿ ಕೂತು ಆದ ಕಲ್ಲಿಗೆ ‘ಕಣಶಿಲೆ’ ಒಂದೇ ಸಾಕು ಅನಿಸುತ್ತದೆ. ‘ಜಲಜ’ ಅಂದರೆ ಗಾಳಿ ತಂದು ಸುರಿದ ಮರಳಿನಿಂದಾದ ಕಲ್ಲು ಹೊರಗೆ ಉಳಿಯುತ್ತದೆ. ಜೋಗಿಮಟ್ಟಿಯಲ್ಲಿ ಸಿಕ್ಕಂಥದ್ದಕ್ಕೆ ‘ಚಕ್ಕೆಗಲ್ಲು’ ಅನ್ನಬಹುದೇ?

ಬಲ್ಲವರನ್ನು ಎರಡು ವಿಷಯ ಕೇಳಬೇಕಿತ್ತು. ನಿಮ್ಮ ಕಡೆ ಬಾವಿ ತೋಡುವವರು, ಕಲ್ಲು ಒಡೆಯುವವರು ಹೀಗೆ ಹಾಳೆಯಾಗಿ ಏಳುವ ಕಲ್ಲಿಗೆ ಏನನ್ನುತ್ತಾರೆ? ‘ಚಕ್ಕೆಗಲ್ಲು’ ಎನ್ನುವ ಮಾತು ಬೇರೆ ಯಾವುದಾದರೂ ಕಲ್ಲಿಗೆ ಈಗಾಗಲೇ ಬಳಕೆಯಲ್ಲಿದೆಯೇ?